ಕೆಂಪು ಕಾರ್ಡಿನ ಹತ್ತು ನಿಮಿಷ

ಕಂಡಕ್ಟರಮ್ಮನಿಗೆ ಮೂಗಿನ ತುದಿಯಲ್ಲೇ ಕೋಪ ಎಂದು ಜನ ಹೇಳುತ್ತಿದ್ದರು. ಅದು ಅವಳ ಕೋಪಕ್ಕೆ ಮಾಡಿದ ಅವಮಾನ. ಅಷ್ಟು ಕೋಪಕ್ಕೆ ಒಂದು ಮೂಗು ಎಲ್ಲಿ ಸಾಕು? ಅವಳು ಬಾಲ್ಕನಿಯಲ್ಲಿ ನಿಂತು ಕಸದ ಗಾಡಿಯವನನ್ನು ಒಮ್ಮೆ ವಿಚಾರಿಸಿಕೊಂಡರೆ ಎದುರು ಮನೆಯ ಹಾಲು ಬೆಂಕಿಯಿಲ್ಲದೆ ಉಕ್ಕುತ್ತಿತ್ತು. ಬೀದಿ ನಾಯಿಗಳು ಬೇರೆ ಬೀದಿಗೆ ವರ್ಗ ಮಾಡಿಸಿಕೊಂಡು ಹೋಗುತ್ತಿದ್ದವು.

ಮೊದಲು ಹೀಗಿರಲಿಲ್ಲ. ಹತ್ತೊಂಬತ್ತು ವರ್ಷ ಅವಳು ಬಸ್ಸಿನ ಕಂಡಕ್ಟರು. ನಲವತ್ತು ಸೀಟಿನ ಬಸ್ಸಿಗೆ ನಾನೂರು ಜನರನ್ನು ಹತ್ತಿಸಿ, "ಒಳಗೆ ನಡೀರಪ್ಪಾ, ಒಳಗೇನು ಹುಲಿ ಕಟ್ಟಿದ್ದೀವಾ?" ಎಂದು ನಗಿಸುತ್ತಲೇ ಎಲ್ಲರಿಗೂ ಟಿಕೆಟ್ ಹರಿದುಕೊಡುತ್ತಿದ್ದಳು. ಅವಳ ಸೀಟಿ ಒಂದು ಸಲ ಊದಿದರೆ ನಿಲ್ಲು, ಎರಡು ಸಲ ಊದಿದರೆ ಹೊರಡು. ಒಂದು ಊದಿದಳೆಂದರೆ ಅವಳ ಬಸ್ಸಿನ ಜೊತೆಗೆ ಹಿಂದಿನ ಮೂರು ಬಸ್ಸು, ಒಂದು ಹಾಲಿನ ವ್ಯಾನು ಮತ್ತು ಜಗಳವಾಡುತ್ತಿದ್ದ ಗಂಡಹೆಂಡಿರು ಎಲ್ಲರೂ ಗಪ್ಪನೆ ನಿಲ್ಲುತ್ತಿದ್ದರು.

ಹನ್ನೆರಡು ವರ್ಷದ ಹಿಂದೆ ಒಂದು ತಿರುವಿನಲ್ಲಿ ಡ್ರೈವರು ಬ್ರೇಕ್ ಒತ್ತಿದ. ಬಸ್ಸು ನಿಂತಿತು, ಅವಳು ನಿಲ್ಲಲಿಲ್ಲ. ಬಾಗಿಲ ಮೆಟ್ಟಿಲಿನಿಂದ ರಸ್ತೆಗೆ, ತಲೆ ಮೊದಲು. ಇಪ್ಪತ್ತಮೂರು ದಿನ ಕಣ್ಣು ಬಿಡಲಿಲ್ಲ. ಬಿಟ್ಟ ಮೇಲೆ ಕೈಕಾಲು, ಮಾತು, ಮಗ್ಗಿ ಒಂದೊಂದಾಗಿ ವಾಪಸು ಬಂದವು. ಬ್ರೇಕ್ ಮಾತ್ರ ಬರಲಿಲ್ಲ. ಕೋಪ ಹೊರಟಿತೆಂದರೆ ಇಳಿಜಾರಿನ ಲಾರಿ.

ಆದರೆ ಅವಳನ್ನು ನಿಜವಾಗಿ ಸುಟ್ಟದ್ದು ಕೋಪವಲ್ಲ. ಆ ಪೆಟ್ಟಿನ ನಂತರ ಅವಳ ಯಾವ ಕೋಪಕ್ಕೂ ಜನ ಕಾರಣ ಹುಡುಕುವುದನ್ನೇ ಬಿಟ್ಟರು. ಅವಳು ಇದ್ದದ್ದು ತಂಗಿಯ ಮನೆಯಲ್ಲಿ. ಅಡುಗೆಮನೆಯ ನಲ್ಲಿ ಎರಡು ತಿಂಗಳಿನಿಂದ ಸೋರುತ್ತಿತ್ತು.

"ನಲ್ಲಿ ಸೋರ್ತಿದೆ ಅಂತ ಎಷ್ಟು ಸಲ ಹೇಳೋದು?" ಎಂದು ಅವಳು ಕಿರುಚಿದರೆ ತಂಗಿಯ ಗಂಡ ಪೇಪರ್ ಮಡಚಿ, "ಅತ್ತಿಗೆ, ತಲೆ ಕೆಡಿಸ್ಕೋಬೇಡಿ" ಎನ್ನುತ್ತಿದ್ದ. ಆಮೇಲೆ ತಾನು ಹೇಳಿದ್ದೇನೆಂದು ಹೊಳೆದು ನಾಲಿಗೆ ಕಚ್ಚಿಕೊಳ್ಳುತ್ತಿದ್ದ.

"ಅಕ್ಕಾ, ಮಾತ್ರೆ ತಗೊಂಡ್ಯಾ?" ಎನ್ನುತ್ತಿದ್ದಳು ತಂಗಿ.

"ಮಾತ್ರೆ ನಾನು ತಗೊಂಡ್ರೆ ನಲ್ಲಿ ನಿಲ್ಲುತ್ತಾ?"

ನಲ್ಲಿ ತೊಟ್ಟಿಕ್ಕುತ್ತಲೇ ಇತ್ತು. ಮನೆಯವರು ಮಾತ್ರ ಅವಳ ತಲೆಯನ್ನು ರಿಪೇರಿ ಮಾಡಲು ನೋಡುತ್ತಿದ್ದರು.

ಅವಳ ಕೋಪಕ್ಕೆ ಮರ್ಯಾದೆ ಸಿಗುತ್ತಿದ್ದ ಜಾಗ ಭೂಮಂಡಲದಲ್ಲಿ ಒಂದೇ ಒಂದು. ತಲೆಗೆ ಪೆಟ್ಟು ಬಿದ್ದವರಿಗೆ ಆಸರೆಯಾದ ಒಂದು ಸಂಘ. ಬಾತ್‌ರೂಮ್ ಸಾಮಾನಿನ ದೊಡ್ಡ ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದು ಹಾಲು, ಒಂದು ಸಣ್ಣ ಕೋಣೆ, ಇಪ್ಪತ್ತೆರಡು ಮೆಟ್ಟಿಲು, ಮೂವತ್ತೊಂದು ಜನ ಸದಸ್ಯರು. ಅದನ್ನು ನಡೆಸುತ್ತಿದ್ದವಳನ್ನು ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದರು. ಶೂ ಡಬ್ಬಿಯ ರಟ್ಟು ಕತ್ತರಿಸಿ, ಕೆಂಪು ಬಣ್ಣ ಬಳಿದು ಮೂವತ್ತೊಂದು ಕಾರ್ಡು ಮಾಡಿ ಹಂಚಿದವಳು ದೊಡ್ಡಕ್ಕನೇ. ತನಗೂ ಒಂದು ಇಟ್ಟುಕೊಂಡಿದ್ದಳು. ನಿಯಮವನ್ನು ಗೋಡೆಯ ಮೇಲೆ ಅವಳೇ ಬರೆದಿದ್ದಳು:

"ಕೋಪ ಬಂದರೆ ನಿಮ್ಮ ಕಾರ್ಡನ್ನು ಮೇಜಿನ ಮೇಲಿಡಿ. ಹತ್ತು ನಿಮಿಷ ಕೆಳಗೆ ಹೋಗಿ ಬನ್ನಿ. ಯಾಕೆ ಎಂದು ಯಾರೂ ಕೇಳಬಾರದು. ಹೋದವರು ಬರುವ ತನಕ ಆ ಮಾತು ಅಲ್ಲೇ ನಿಲ್ಲಬೇಕು. ಒಬ್ಬರ ಕಾರ್ಡನ್ನು ಇನ್ನೊಬ್ಬರು ಮುಟ್ಟಬಾರದು."

ನಾಲ್ಕನೆಯ ಸಾಲು ಕಂಡಕ್ಟರಮ್ಮನ ಪಾಲಿಗೆ ಬಂಗಾರ. ನೀನು ಕೋಪ ಮಾಡಿಕೊಂಡು ಹೋದೆ ಎಂದು ನಿನ್ನನ್ನು ಬಿಟ್ಟು ಬಸ್ಸು ಹೊರಡುವುದಿಲ್ಲ. ನೀನು ಬರುವವರೆಗೆ ಕಾಯುತ್ತದೆ. ಹನ್ನೊಂದು ವರ್ಷದಲ್ಲಿ ಅವಳು ಆ ಕಾರ್ಡನ್ನು ಎಷ್ಟು ಸಲ ಮೇಜಿಗೆ ಬಡಿದಿದ್ದಳೆಂದರೆ ಮೇಜಿಗೇ ಪೆಟ್ಟಾಗಿ ಅದನ್ನೂ ಸದಸ್ಯನನ್ನಾಗಿ ಸೇರಿಸಿಕೊಳ್ಳಬೇಕಿತ್ತು.

ಈಗ ದೊಡ್ಡಕ್ಕನ ಮಂಡಿ ಸವೆದಿತ್ತು. ಇಪ್ಪತ್ತೆರಡು ಮೆಟ್ಟಿಲು ಇನ್ನು ಆಗದು ಎಂದು ಅವಳು ರಾಜೀನಾಮೆ ಕೊಟ್ಟಳು. ಹೊಸ ಮುಖ್ಯಸ್ಥರನ್ನು ಆರಿಸಲು ಐದು ಜನರ ಸಮಿತಿಯಾಯಿತು. ಒಬ್ಬ ಸಂಘದ ಅಧ್ಯಕ್ಷ, ಅಂದರೆ ಕೆಳಗಿನ ಅಂಗಡಿಯ ಮಾಲೀಕ. ಮೇಲಿನ ಮಹಡಿಯನ್ನು ಬಾಡಿಗೆಯಿಲ್ಲದೆ ಬಿಟ್ಟುಕೊಟ್ಟವನು ಅವನೇ. ಎದುರಿಗೆ ಎಲ್ಲರೂ 'ಅಧ್ಯಕ್ಷರೇ' ಎನ್ನುತ್ತಿದ್ದರು, ಬೆನ್ನ ಹಿಂದೆ 'ನಲ್ಲಿ ಸಾಹುಕಾರ' ಎನ್ನುತ್ತಿದ್ದರು. ಕಂಡಕ್ಟರಮ್ಮನ ಮನೆಯ ಸೋರುವ ನಲ್ಲಿಯೂ ಅವನ ಅಂಗಡಿಯದೇ. ಇನ್ನೊಬ್ಬ ಅವನ ಬಾಮೈದ. ಜೊತೆಗೆ ಒಬ್ಬ ನರರೋಗದ ಡಾಕ್ಟರು, ದೊಡ್ಡಕ್ಕ. ಐದನೆಯವಳು ಕಂಡಕ್ಟರಮ್ಮ.

"ಸದಸ್ಯರ ಕಡೆಯಿಂದ ಒಬ್ರು ಇರ್ಲಿ. ನೋಡೋಕೆ ಚೆನ್ನಾಗಿರುತ್ತೆ" ಎಂದಿದ್ದ ಸಾಹುಕಾರ.

"ನೋಡೋಕೆ ಚೆನ್ನಾಗಿರ್ಬೇಕು ಅಂದ್ರೆ ಹೂದಾನಿ ತಂದಿಡಿ" ಎಂದಿದ್ದಳು ಕಂಡಕ್ಟರಮ್ಮ. "ನಾನು ಬರೋದು ವೋಟು ಹಾಕೋಕೆ."

ಸಂದರ್ಶನದ ದಿನ ಬೆಳಿಗ್ಗೆ ತಂಗಿ ಅಕ್ಕನ ಜಡೆ ಹೆಣೆಯುತ್ತ ಬುದ್ಧಿ ಹೇಳಿದಳು. "ಅಕ್ಕಾ, ಇವತ್ತೊಂದು ದಿನ ಬಾಯಿಗೆ ಬೀಗ ಹಾಕ್ಕೋ. ನೀನು ಕೂಗಾಡಿದ್ರೆ ನಿನ್ನ ಮಾತು ಯಾರೂ ಲೆಕ್ಕಕ್ಕೆ ಇಟ್ಕೊಳಲ್ಲ."

"ಕೂಗಾಡದೇ ಇದ್ದಾಗ ಇಟ್ಕೊಂಡಿದ್ರಾ?"

"ಕಾರ್ಡು ಎದುರಿಗೇ ಇಟ್ಕೋ. ನೋಡಿದಾಗೆಲ್ಲ ನೆನಪಾಗುತ್ತೆ."

ಕಂಡಕ್ಟರಮ್ಮ ಹಳೆಯ ಟಿಕೆಟ್ ಚೀಲವನ್ನು ಹೆಗಲಿಗೇರಿಸಿದಳು. ಒಳಗೆ ನೀರಿನ ಬಾಟಲಿ, ಮಾತ್ರೆ, ಕಾರ್ಡು, ಮತ್ತು ಎಂದೂ ಬಿಟ್ಟಿರದ ಸೀಟಿ.

ಕೊನೆಯ ಸುತ್ತಿಗೆ ಇಬ್ಬರು ಉಳಿದಿದ್ದರು. ಸಂಘದ ಪದ್ಧತಿಯಂತೆ ಇಬ್ಬರೂ ಮೊದಲು ಹಾಲಿನಲ್ಲಿ ಸದಸ್ಯರ ಜೊತೆ ಒಂದೊಂದು ಗಂಟೆ ಕೂರಬೇಕು. ಸಂದರ್ಶನ ಆಮೇಲೆ.

ಮೊದಲನೆಯವನು ದೊಡ್ಡ ಆಸ್ಪತ್ರೆಯೊಂದರ ಪ್ರಚಾರ ವಿಭಾಗದಲ್ಲಿದ್ದವನು. ಅವನ ಕೋಟಿನ ಇಸ್ತ್ರಿಯ ಗೆರೆಯಲ್ಲಿ ತರಕಾರಿ ಹೆಚ್ಚಬಹುದಿತ್ತು. ಬಂದವನೇ ಸದಸ್ಯರಲ್ಲೊಬ್ಬರಾದ ಮೇಷ್ಟ್ರ ಎದುರು ಕುರ್ಚಿ ಎಳೆದುಕೊಂಡು ಕೂತ. ಮೇಷ್ಟ್ರು ಮೂವತ್ತು ವರ್ಷ ಪಾಠ ಹೇಳಿದವರು. ಪೆಟ್ಟು ಬಿದ್ದ ಮೇಲೆ ಮಾತೆಲ್ಲ ಒಳಗೇ ಉಳಿದಿತ್ತು, ಬಾಗಿಲು ಮಾತ್ರ ಕಿರಿದಾಗಿತ್ತು. ಒಂದೊಂದೇ ಮಾತು ಪಕ್ಕಕ್ಕೆ ತಿರುಗಿ, ಹೊಟ್ಟೆ ಒಳಗೆಳೆದುಕೊಂಡು ಹೊರಗೆ ಬರಬೇಕು. ಅವರ ಮಾತನ್ನು ಯಾರೂ ಪೂರ್ತಿ ಮಾಡಿಕೊಡಬಾರದು ಎಂಬುದು ಹಾಲಿನಲ್ಲಿ ಹೊಸದಾಗಿ ಬಂದವರಿಗೂ ಅರ್ಧ ಗಂಟೆಯಲ್ಲಿ ತಿಳಿಯುತ್ತಿತ್ತು.

"ಸಾರ್... ನೀವು..." ಎಂದರು ಮೇಷ್ಟ್ರು.

"ನಾನು ಯಾರು ಅಂತಾನಾ? ನಿಮ್ಮ ಹೊಸ ಸ್ನೇಹಿತ ಅಂದ್ಕೊಳಿ ಸಾರ್!"

"ಅಲ್ಲ... ನೀವು ಕೂತ..."

"ಕೂತಲ್ಲೇ ಕೂತಿರ್ಬಾರ್ದು, ಮುಂದೆ ಹೋಗ್ಬೇಕು! ನಾನೂ ಅದನ್ನೇ ಹೇಳೋದು!"

"ಕುರ್ಚಿ... ಕಾ..."

"ಕುರ್ಚಿಗಾಗಿ ಬಂದೋನಲ್ಲ ಸಾರ್ ನಾನು, ಸೇವೆಗೆ ಬಂದೋನು!"

ಕುರ್ಚಿಯ ಹಿಂದಿನ ಕಾಲು ಮುರಿದಿತ್ತು. ಮೇಷ್ಟ್ರು ಹೇಳಹೊರಟಿದ್ದು ಅಷ್ಟೇ. ಕೋಟಿನವನು ನಗಲೆಂದು ಹಿಂದಕ್ಕೆ ಒರಗಿದ, ಮುಂದಿನದನ್ನು ಭೂಮಿ ನೋಡಿಕೊಂಡಿತು. ಅವನು ಬಿದ್ದ ಸದ್ದಿಗೆ ಕೆಳಗಿನ ಅಂಗಡಿಯಲ್ಲಿ ಆರು ವಾಷ್‌ಬೇಸಿನ್ ಬಿರುಕು ಬಿಟ್ಟವು ಎಂದು ಸದಸ್ಯರು ಇಂದಿಗೂ ಸಾಧಿಸುತ್ತಾರೆ. ಎದ್ದವನು ಕೋಟು ಕೊಡವಿಕೊಂಡು, ಮೇಷ್ಟ್ರನ್ನು ಬಿಟ್ಟು ಸಾಹುಕಾರನ ಕಡೆ ತಿರುಗಿ, "ಪಾಪ, ಇವ್ರಿಗೆಲ್ಲ ಸ್ವಲ್ಪ ಒಳ್ಳೇ ಕುರ್ಚಿ ಕೊಡಿಸ್ಬೇಕು ಸಾರ್" ಎಂದ.

ಎರಡನೆಯವಳು ನರ್ಸು. ತಲೆಗೆ ಪೆಟ್ಟಾದವರ ವಾರ್ಡಿನಲ್ಲಿ ಹದಿನಾರು ವರ್ಷ ದುಡಿದವಳು. ಮುಖ ನೋಡಿದರೆ ಹುಣಸೆಹಣ್ಣಿಗೂ ಜೊಲ್ಲು ಸುರಿಯಬೇಕು, ಅಷ್ಟು ಹುಳಿ. ಅವಳು ಮೇಷ್ಟ್ರ ಪಕ್ಕ ನೆಲದ ಮೇಲೇ ಕೂತಳು. ಮೇಷ್ಟ್ರು "ನಿಮಗೆ..." ಎಂದು ತಡೆದರು. ಅವಳು ಕಾದಳು. ಗಡಿಯಾರ ನಡೆಯಿತು. ಹೊರಗೆ ಒಂದು ಋತು ಕಳೆದು ಇನ್ನೊಂದು ಬಂದಿರಬೇಕು.

"ನನ್ನ ಬಸ್ಸು ಐದು ಗಂಟೆಗೆ. ನಿಧಾನಕ್ಕೆ ಹೇಳಿ" ಎಂದಳಷ್ಟೆ.

"ನಿಮಗೆ... ಕೋಪ... ಬರುತ್ತಾ?"

"ಬರುತ್ತೆ. ಈಗ್ಲೇ ಬಂದಿದೆ. ನಿಮ್ಮ ಮೇಲಲ್ಲ. ಹತ್ತು ಗಂಟೆಗೆ ಬಾ ಅಂತ ಕರೆದು ಹನ್ನೊಂದೂವರೆ ತನಕ ಮೆಟ್ಟಿಲ ಮೇಲೆ ಕೂರಿಸಿದ್ರಲ್ಲ, ಅವ್ರ ಮೇಲೆ."

ಕಂಡಕ್ಟರಮ್ಮನಿಗೆ ಹನ್ನೆರಡು ವರ್ಷದಲ್ಲಿ ಮೊದಲ ಸಲ ಕಿವಿಗೆ ಜೇನು ಹೊಯ್ದಂತಾಯಿತು.

ಸಂದರ್ಶನ ಮುಗಿಯುವ ಹೊತ್ತಿಗೆ ಮಧ್ಯಾಹ್ನ ಎರಡು. ಸಣ್ಣ ಕೋಣೆಯಲ್ಲಿ ಐವರು ಮೇಜಿನ ಸುತ್ತ ಕೂತರು. ಕಂಡಕ್ಟರಮ್ಮ ತಂಗಿಯ ಮಾತಿನಂತೆ ಕಾರ್ಡನ್ನು ನೀರಿನ ಲೋಟದ ಪಕ್ಕ ಇಟ್ಟುಕೊಂಡಿದ್ದಳು.

"ಕೋಟಿನ ಹುಡುಗನಲ್ಲಿ ಏನು ಚುರುಕು ಅಂತೀನಿ!" ಎಂದ ಸಾಹುಕಾರ. "ಅರ್ಧ ಹೇಳಿದ್ರೆ ಪೂರ್ತಿ ಅರ್ಥ ಮಾಡ್ಕೋತಾನೆ."

"ಮೇಷ್ಟ್ರು ಹೇಳಿದ್ದು ಅರ್ಥ ಆಗಿದ್ರೆ ಬೀಳ್ತಾನೇ ಇರ್ಲಿಲ್ಲ" ಎಂದಳು ಕಂಡಕ್ಟರಮ್ಮ. ದನಿ ಇನ್ನೂ ಕೋಣೆಯೊಳಗೇ ಇತ್ತು.

"ಅದೊಂದು ಸಣ್ಣ ವಿಷ್ಯ ಅಮ್ಮಾ."

"ಸಣ್ಣದಾ? ಇಲ್ಲಿ ಬರೋರಿಗೆಲ್ಲ ಹೊರಗಡೆ ಆಗೋದೇ ಅದು. ಬಾಯಿ ತೆಗೆದ್ರೆ ಸಾಕು, ಮಿಕ್ಕಿದ್ದು ಬೇರೆಯವ್ರೇ ಹೇಳ್ತಾರೆ. ಇಲ್ಲೂ ಅದೇ ಆಗ್ಬೇಕಾ?" ದನಿ ಬಾಗಿಲು ದಾಟಿತು. "ಆ ನರ್ಸಮ್ಮ ನೆಲದ ಮೇಲೆ ಕೂತು ಕಾದ್ಲು. ನೀವು ಯಾರಾದ್ರೂ ಒಂದು ದಿನ ಕಾದಿದ್ದೀರಾ?" ಈಗ ದನಿ ಮೆಟ್ಟಿಲಿಳಿದು ರಸ್ತೆಗೆ ಬಂದಿತ್ತು.

ಸಾಹುಕಾರ ಡಾಕ್ಟರ ಕಡೆ ನೋಡಿ ಮೆಲ್ಲಗೆ ನಕ್ಕ. ಪಾಪ, ಪೆಟ್ಟಿನ ಕೋಪ, ಎನ್ನುವ ನಗೆ. ಆಮೇಲೆ ಉಂಗುರದ ಬೆರಳೊಂದನ್ನು ಚಾಚಿ, ಲೋಟದ ಪಕ್ಕದ ಕೆಂಪು ಕಾರ್ಡನ್ನು ಮೇಜಿನ ನಡುವಿಗೆ ತಳ್ಳಿದ.

"ಅಮ್ಮಾ, ನಿಮ್ಮದೇ ರೂಲ್ಸು. ಹತ್ತು ನಿಮಿಷ ಗಾಳಿ ಕುಡಿದು ಬನ್ನಿ."

ಅವಳು ದೊಡ್ಡಕ್ಕನನ್ನು ನೋಡಿದಳು. ಒಬ್ಬರ ಕಾರ್ಡನ್ನು ಇನ್ನೊಬ್ಬರು ಮುಟ್ಟಬಾರದು ಎಂದು ಬರೆದ ಕೈ ಅಲ್ಲೇ ಇತ್ತು, ಮಂಡಿಯ ಮೇಲೆ. ದೊಡ್ಡಕ್ಕ ತನ್ನ ಮಂಡಿಯನ್ನೇ ನೋಡುತ್ತಿದ್ದಳು.

ಹನ್ನೊಂದು ವರ್ಷದ ಅಭ್ಯಾಸ. ಕಾರ್ಡು ಮೇಜಿನ ನಡುವೆ ಕಂಡದ್ದೇ ತಡ, ಕಂಡಕ್ಟರಮ್ಮನ ಕಾಲುಗಳು ಅವಳ ಅಪ್ಪಣೆ ಕೇಳದೆ ಎದ್ದವು. ಇಪ್ಪತ್ತೆರಡು ಮೆಟ್ಟಿಲಿಳಿದು ಬೆಂಚಿನ ಮೇಲೆ ಕೂತಳು. ಎದುರಿಗೆ ಅಂಗಡಿಯ ಗಾಜಿನೊಳಗೆ ಸಾವಿರ ನಲ್ಲಿಗಳು ಫಳಫಳ ಹೊಳೆಯುತ್ತಿದ್ದವು. ಒಂದರಲ್ಲೂ ನೀರಿಲ್ಲ. ಹೋಗಲಿ, ನಾಲ್ಕನೆಯ ಸಾಲು ಇದೆಯಲ್ಲ, ಮಾತು ಅಲ್ಲೇ ನಿಂತಿರುತ್ತದೆ ಎಂದು ಅವಳು ಹಲ್ಲು ಕಚ್ಚಿ ಗಡಿಯಾರ ನೋಡಿದಳು.

ಸರಿಯಾಗಿ ಹತ್ತು ನಿಮಿಷಕ್ಕೆ ಮೇಲೆ ಬಂದಾಗ ಬಾಮೈದ ಪುಸ್ತಕದಲ್ಲಿ ನಿರ್ಣಯ ಬರೆದು ಪೆನ್ನಿನ ಮುಚ್ಚಳ ಹಾಕುತ್ತಿದ್ದ.

"ಮುಗೀತಮ್ಮಾ" ಎಂದ ಸಾಹುಕಾರ. "ಡಾಕ್ಟರು, ದೊಡ್ಡಕ್ಕ ನರ್ಸಿಗೆ ಅಂದ್ರು. ನಾನು, ಬಾಮೈದ ಕೋಟಿನವ್ರಿಗೆ. ಎರಡೆರಡು ಸಮ ಆಯ್ತು. ಸಮ ಆದ್ರೆ ಅಧ್ಯಕ್ಷರದ್ದು ಇನ್ನೊಂದು ವೋಟು. ನೀವೊಂದು ಸೈನ್ ಹಾಕಿ."

ಕಂಡಕ್ಟರಮ್ಮ ಲೆಕ್ಕ ಹಾಕಿದಳು. ಅವಳು ಅಲ್ಲಿದ್ದಿದ್ದರೆ ಮೂರಕ್ಕೆ ಎರಡು. ಅವಳ ಕೋಪ ಈಗ ಏರಲಿಲ್ಲ. ಕುದಿದು ಕುದಿದು ಗಟ್ಟಿಯಾದ ಬೆಲ್ಲದ ಪಾಕದ ಹಾಗೆ ತಳದಲ್ಲಿ ಕೂತಿತು.

"ಮಾತು ನಿಲ್ಲಿಸ್ಬೇಕಿತ್ತು" ಎಂದಳು.

"ಅದು ಹಾಲಿನ ರೂಲ್ಸಮ್ಮಾ. ಸಮಿತಿಗೆಲ್ಲ ಅನ್ವಯಿಸಲ್ಲ."

"ಅನ್ವಯಿಸಲ್ಲ ಅಂದ್ರೆ ನನ್ನನ್ನ ಯಾವ ರೂಲ್ಸಲ್ಲಿ ಹೊರಗೆ ಕಳಿಸಿದ್ರಿ?"

ಡಾಕ್ಟರು ಕೆಮ್ಮಿದರು. ಸಾಹುಕಾರ ದನಿಗೆ ಸಕ್ಕರೆ ಬೆರೆಸಿ, "ನೋಡಿ, ಮತ್ತೆ ಕೋಪ ಬರ್ತಿದೆ ನಿಮಗೆ" ಎಂದ.

"ಹೌದು, ಬಂದಿದೆ. ಪೆಟ್ಟಿಂದಲ್ಲ ಬಂದಿದ್ದು. ನಿಮ್ಮಿಂದ ಬಂದಿದೆ."

ಅವಳು ದೊಡ್ಡಕ್ಕನ ಕಡೆ ತಿರುಗಿದಳು. "ನೀವು ಬಾಯಿ ಬಿಡ್ಲಿಲ್ಲ."

"ಅವ್ರು ಜಾಗ ಕೊಟ್ಟಿದ್ದಾರಮ್ಮಾ" ಎಂದಳು ದೊಡ್ಡಕ್ಕ, ಮಂಡಿಗೆ ಹೇಳಿದ ಹಾಗೆ. "ಅವ್ರನ್ನ ಎದುರು ಹಾಕ್ಕೊಂಡ್ರೆ ಮೂವತ್ತೊಂದು ಜನ ಎಲ್ಲಿ ಕೂರ್ತೀರಿ?"

"ರೋಡಲ್ಲಿ ಕೂತ್ಕೋತೀವಿ! ನಾನು ಹತ್ತೊಂಬತ್ತು ವರ್ಷ ರೋಡಲ್ಲೇ ಇದ್ದೋಳು!"

ಕಂಡಕ್ಟರಮ್ಮ ತನ್ನ ಕಾರ್ಡನ್ನು ಎತ್ತಿಕೊಂಡು ಹಾಲಿಗೆ ಹೋದಳು. ಚೀಲದಿಂದ ಸೀಟಿ ತೆಗೆದು ಒಂದು ಊದಿದಳು. ಹಾಲಿಗೆ ಹಾಲೇ ನಿಂತಿತು. ಗೋಡೆಯ ಮೇಲೆ ಓಡುತ್ತಿದ್ದ ಹಲ್ಲಿಯೂ ನಿಂತಿತು.

"ನಾನು ಕೆಳಗಿದ್ದಾಗ ಮಾತು ಮುಂದುವರಿಸಿ ತೀರ್ಮಾನ ಮಾಡಿದ್ದಾರೆ" ಎಂದಳು. "ನನ್ನ ಕಾರ್ಡನ್ನ ಅವ್ರೇ ತಳ್ಳಿದ್ರು."

ಮೇಷ್ಟ್ರು ಎದ್ದರು. ಜೇಬಿನಿಂದ ತಮ್ಮ ಕಾರ್ಡು ತೆಗೆದರು. ಸಣ್ಣ ಕೋಣೆಗೆ ಹೋಗಿ, ನಿರ್ಣಯದ ಪುಸ್ತಕದ ಮೇಲೆಯೇ ಅದನ್ನಿಟ್ಟು ಮೆಟ್ಟಿಲಿಳಿದರು.

"ಇದೇನಿದು?" ಎಂದ ಬಾಮೈದ.

"ಮೇಷ್ಟ್ರಿಗೆ ಕೋಪ ಬಂದಿದೆ. ಯಾಕೆ ಅಂತ ಕೇಳೋ ಹಾಗಿಲ್ಲ" ಎಂದಳು ಕಂಡಕ್ಟರಮ್ಮ ಬಾಗಿಲಲ್ಲಿ ನಿಂತು. "ಹತ್ತು ನಿಮಿಷ ಮಾತು ನಿಲ್ಬೇಕು."

ಹತ್ತು ನಿಮಿಷಕ್ಕೆ ಅವಳು ಕಿಟಕಿಯಿಂದ ಎರಡು ಸೀಟಿ ಊದಿದಳು. ಮೇಷ್ಟ್ರು ಮೇಲೆ ಬಂದರು. ಬಾಮೈದ ಪೆನ್ನಿನ ಮುಚ್ಚಳ ತೆಗೆದ. ಅಷ್ಟರಲ್ಲಿ ಎರಡನೆಯ ಕಾರ್ಡು ಪುಸ್ತಕದ ಮೇಲೆ ಬಿತ್ತು, ಎಡಗೈ ಏಳದ ಪೇಂಟರನದು. ಅವನು ಇಳಿದು ಹೋದ. ಆಮೇಲೆ ಮೂರನೆಯದು, ದಿನಕ್ಕೆ ಹತ್ತು ಸಲ ತನ್ನ ವಯಸ್ಸು ಮರೆಯುವ ದರ್ಜಿಯದು. ಅವಳಿಗೆ ಯಾಕೆ ಇಳಿಯುತ್ತಿದ್ದೇನೆ ಎಂಬುದು ಅರ್ಧ ಮೆಟ್ಟಿಲಿಗೆ ಮರೆತುಹೋಯಿತು. ಕೋಪ ಮಾತ್ರ ನೆನಪಿತ್ತು, ಅಷ್ಟು ಸಾಕಾಗಿತ್ತು.

ಉಳಿದವರು ಸಾಲಾಗಿ ನಿಂತರು. ಸಾಲು ಹಾಲು ದಾಟಿ, ಇಪ್ಪತ್ತೆರಡು ಮೆಟ್ಟಿಲಿಳಿದು, ಅಂಗಡಿಯ ಬಾಗಿಲಿಗೆ ಅಡ್ಡವಾಗಿ ನಿಂತಿತು. ಸಾಲಿನಲ್ಲಿ ನಿಲ್ಲಿಸುವುದು ಹೇಗೆಂದು ಕಂಡಕ್ಟರಮ್ಮನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಕೊಳ್ಳಲು ಬಂದವರು ಆ ಸಾಲಿನ ಮುಖಗಳನ್ನು ನೋಡಿ, ಇನ್ನೊಂದು ವರ್ಷ ಸ್ನಾನವೇ ಬೇಡವೆಂದು ಹಿಂದಿರುಗಿದರು.

"ಮೂವತ್ತೊಂದು ಜನ, ಒಬ್ಬೊಬ್ರಿಗೆ ಹತ್ತು ನಿಮಿಷ" ಎಂದಳು ಕಂಡಕ್ಟರಮ್ಮ. "ಐದು ಗಂಟೆ ಹತ್ತು ನಿಮಿಷ. ಆಮೇಲೆ ಮೇಷ್ಟ್ರಿಗೆ ಮತ್ತೆ ಬರಬಹುದು."

"ಇದು ದಬ್ಬಾಳಿಕೆ!" ಸಾಹುಕಾರ ಮೇಜು ಗುದ್ದಿದ. "ಈ ಜಾಗ ಯಾರದ್ದು ಅಂತ ಗೊತ್ತಾ ನಿಮ್ಗೆ? ತಲೆ ನೆಟ್ಟಗಿಲ್ಲದೋರೆಲ್ಲ ಸೇರ್ಕೊಂಡು..."

ಆ ಮಾತನ್ನು ಅವನು ಪೂರ್ತಿ ಮಾಡಲಿಲ್ಲ. ಅವನಿಗಾಗಿಯೂ ಯಾರೂ ಪೂರ್ತಿ ಮಾಡಿಕೊಡಲಿಲ್ಲ. ಮೆಟ್ಟಿಲಿನ ಕೊನೆಯವರೆಗೆ ಎಲ್ಲರೂ ಕಾದರು. ಕಾಯುವುದರಲ್ಲಿ ಅವರನ್ನು ಮೀರಿಸುವವರು ಯಾರಿದ್ದರು? ಅವನ ಮುಖ ಆರಿದ ಕಾವಲಿಯಂತೆ ಕಪ್ಪಾಯಿತು.

"ನನ್ನ ಕಡೆಯಿಂದ ಒಂದು ಮಾತು" ಎಂದರು ಡಾಕ್ಟರು, ಕನ್ನಡಕ ಒರೆಸುತ್ತ. "ಇವರ ಕೋಪಕ್ಕೆ ಕಾರಣ ಇದೆ. ನಾನು ಆಗ್ಲೇ ಹೇಳ್ಬೇಕಿತ್ತು."

"ನಾಚಿಕೆಯಾಗ್ಬೇಕು ನಿಮ್ಗೆ" ಎಂದಳು ಕಂಡಕ್ಟರಮ್ಮ. ಡಾಕ್ಟರು ಹೌದೆಂದು ತಲೆಯಾಡಿಸಿದರು.

ಏಳನೆಯ ಕಾರ್ಡಿಗೆ ಬಾಮೈದ ಸೋತ. "ಭಾವ, ಅಂಗಡಿಗೆ ಒಬ್ಬನೂ ಬರ್ತಿಲ್ಲ. ಇನ್ನೊಂದ್ಸಲ ವೋಟು ಹಾಕಿ ಕೈತೊಳ್ಕೊಳೋಣ."

ಮತ್ತೆ ಕೈ ಎತ್ತಿದರು. ನರ್ಸಿಗೆ ಮೂರು, ಕೋಟಿಗೆ ಎರಡು. ಬಾಮೈದ ಹಳೆಯ ನಿರ್ಣಯಕ್ಕೆ ಅಡ್ಡಗೆರೆ ಹೊಡೆದು ಹೊಸದನ್ನು ಬರೆದ. ಕಂಡಕ್ಟರಮ್ಮ ಪೆನ್ನು ಊರಿ ಸೈನ್ ಹಾಕಿದ ರಭಸಕ್ಕೆ ಹಿಂದಿನ ನಲವತ್ತು ಹಾಳೆಗಳಲ್ಲೂ ಅವಳ ಹೆಸರು ಮೂಡಿತು.

"ಮೂರು ತಿಂಗಳು ಟೈಮು" ಎಂದ ಸಾಹುಕಾರ ಎದ್ದು ನಿಂತು. "ಜಾಗ ಖಾಲಿ ಮಾಡಿ."

ಫಲಿತಾಂಶಕ್ಕಾಗಿ ಮೆಟ್ಟಿಲ ಮೇಲೆ ಕಾಯುತ್ತಿದ್ದ ನರ್ಸನ್ನು ಕರೆಸಿದ್ದರು, ಅವಳು ಬಾಗಿಲಲ್ಲೇ ಅದನ್ನು ಕೇಳಿದಳು. "ಮಾಡೋಣ" ಎಂದಳು. ಆಮೇಲೆ ಕಂಡಕ್ಟರಮ್ಮನ ಕಡೆ ತಿರುಗಿ, "ಆ ಮುರಿದ ಕುರ್ಚಿ ಎಲ್ಲಿ? ಸುತ್ತಿಗೆ ಇದ್ಯಾ? ಹೋಗೋವಾಗ ಹೊತ್ಕೊಂಡು ಹೋಗೋ ಸಾಮಾನು ಗಟ್ಟಿ ಇರ್ಬೇಕು" ಎಂದಳು.

ಸಾಹುಕಾರ, ಬಾಮೈದ, ಡಾಕ್ಟರು ಇಳಿದು ಹೋದರು. ದೊಡ್ಡಕ್ಕ ಉಳಿದಳು. ಕೈಚೀಲದಿಂದ ತನ್ನ ಕೆಂಪು ಕಾರ್ಡು ತೆಗೆದಳು. ಉಳಿದವರ ಕಾರ್ಡಿನ ಅಂಚೆಲ್ಲ ಸವೆದು ಬಣ್ಣ ಹಾರಿತ್ತು. ಇದರ ಮೂಲೆಗಳು ಇನ್ನೂ ಚೂಪಾಗಿದ್ದವು. ಹನ್ನೊಂದು ವರ್ಷದಲ್ಲಿ ಒಂದು ಸಲವೂ ಅವಳು ಅದನ್ನು ಬಳಸಿರಲಿಲ್ಲ. ಮೇಜಿನ ಮೇಲಿಟ್ಟು, ಗೋಡೆ ಹಿಡಿದು, ಸವೆದ ಮಂಡಿಯಲ್ಲಿ ಒಂದೊಂದೇ ಮೆಟ್ಟಿಲಿಳಿದಳು.

ಯಾರ ಮೇಲಿನ ಕೋಪ ಎಂದು ಯಾರೂ ಕೇಳಲಿಲ್ಲ. ಕೇಳುವ ಹಾಗಿರಲಿಲ್ಲ.

ಕಂಡಕ್ಟರಮ್ಮ ಕಿಟಕಿಯಲ್ಲಿ ನಿಂತಳು. ಕೆಳಗೆ ಬೆಂಚಿನ ಮೇಲೆ ದೊಡ್ಡಕ್ಕ ನಲ್ಲಿಗಳ ಎದುರು ಕೂತಿದ್ದಳು. ಹತ್ತು ನಿಮಿಷವಾಯಿತು. ದೊಡ್ಡಕ್ಕ ಕತ್ತೆತ್ತಿ ನೋಡಿದಳು. ಕಂಡಕ್ಟರಮ್ಮನ ಕೈಯಲ್ಲಿ ಸೀಟಿಯಿತ್ತು, ತುಟಿಗೆ ಹೋಗಲಿಲ್ಲ.

ಹನ್ನೊಂದು ನಿಮಿಷ.

ಹಿಂದಿನಿಂದ ಮೇಷ್ಟ್ರು, "ಸಾ..." ಎಂದರು. ಹಾಲಿನಲ್ಲಿ ಮೂವತ್ತು ಜನ, ಒಬ್ಬಳು ನರ್ಸು, ಎಲ್ಲರೂ ಕಾದರು. "ಸಾ... ಸಾಕು."

"ನನಗಿನ್ನೂ ಸಾಕಾಗಿಲ್ಲ ಮೇಷ್ಟ್ರೇ" ಎಂದಳು ಕಂಡಕ್ಟರಮ್ಮ.

ಹದಿಮೂರನೆಯ ನಿಮಿಷಕ್ಕೆ ಅವಳು ಸೀಟಿ ಬಾಯಿಗಿಟ್ಟು ಎರಡು ಊದಿದಳು. ಆ ಸದ್ದಿಗೆ ಕೆಳಗಿನ ಅಂಗಡಿಯ ನೀರಿಲ್ಲದ ಸಾವಿರ ನಲ್ಲಿಗಳೂ ಒಮ್ಮೆಗೇ ತೊಟ್ಟಿಕ್ಕಿದವು. ನಂಬದವರು ತಂಗಿಯ ಮನೆಗೆ ಹೋಗಿ ನೋಡಬಹುದು. ಆ ಅಂಗಡಿಯದೇ ಒಂದು ನಲ್ಲಿ ಅಲ್ಲಿ ಇನ್ನೂ ಸೋರುತ್ತಿದೆ.